ಹದಿನಾಲ್ಕನೆಯ ಬಟ್ಟೆಯಂಗಡಿ

ಬ್ಲೇಡು ದುಂಡಗಿತ್ತು.

ಬಟ್ಟೆ ಕತ್ತರಿಸುವ ಕಟರ್ ಅದು. ತುದಿಯಲ್ಲಿ ಚಕ್ರದ ಹಾಗೆ ಉರುಳುವ ಬ್ಲೇಡು. ಎಂಟು ಪದರ ಬಟ್ಟೆಯನ್ನು ಒಂದೇ ಎಳೆತಕ್ಕೆ ಸೀಳುತ್ತದೆ.

ನನ್ನ ಕುತ್ತಿಗೆಗೆ ಇದ್ದದ್ದು ಒಂದೇ ಪದರ.

"ಗೋಡೌನ್ ಒಳಗೆ ಯಾಕೆ ಬಂದೆ?" ಎಂದ ಕಟರ್ ಹಿಡಿದಿದ್ದ ಬೋಳ.

"ಟಾಯ್ಲೆಟ್ ಹುಡುಕ್ತಿದ್ದೆ."

"ನೀನು ಡಬ್ಬದ ಮೇಲಿನ ಲೇಬಲ್ ಓದ್ತಿದ್ದೆ. ಟಾಯ್ಲೆಟ್ ಅಂತ ಬರೆದಿತ್ತಾ?"

ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಹರಕುಮುರುಕು. ಆದರೆ ಬೆದರಿಕೆಗೆ ವ್ಯಾಕರಣ ಬೇಕಿಲ್ಲ ನೋಡಿ... ನಿಮಗೆ ತಿಳಿಯಲೆಂದು ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳುತ್ತಿದ್ದೇನೆ.

ಬೆಳಗ್ಗೆ ಹನ್ನೊಂದೂವರೆ. ಪರದೇಶ. ಸಂಜೆ ಆರಕ್ಕೆ ನಮ್ಮ ವಿಮಾನ, ಅವತ್ತಿಗೇ ವೀಸಾ ಮುಗಿಯುತ್ತಿತ್ತು. ನನ್ನ ಜೊತೆ ಬಂದಿದ್ದವಳು ನನ್ನ ಅಕ್ಕ. ವಯಸ್ಸು ಐವತ್ತೆಂಟು, ಎರಡೂ ಮೊಣಕಾಲು ನೋವು, ಮೂವತ್ತು ವರ್ಷದಿಂದ ಕೌದಿ ಹೊಲಿಯುವ ಕೆಲಸ. ನಾವು ಹುಡುಕುತ್ತಿದ್ದದ್ದು ಅವಳ ಮಗಳನ್ನು.

ಹುಡುಗಿ ಎಡಗೈಯವಳು. ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಎಡಚಿ. 'ಕೌದಿ ಹೊಲಿಯೋ ಕಂಪನಿಯಲ್ಲಿ ಕೆಲಸ' ಎಂದು ಈ ಊರಿಗೆ ಬಂದು ಏಳು ತಿಂಗಳು. ನಾಲ್ಕು ತಿಂಗಳಿಂದ ಫೋನ್ ಬಂದ್. ಕಂಪನಿಯ ವಿಳಾಸಕ್ಕೆ ಹೋದರೆ ಅಲ್ಲಿದ್ದದ್ದು ಕಾರು ನಿಲ್ಲಿಸುವ ಜಾಗ. ಪೊಲೀಸರು, "ದೊಡ್ಡವಳು, ತಾನೇ ಸಹಿ ಹಾಕಿ ಬಂದಿದಾಳೆ, ನಾವೇನು ಮಾಡೋಣ?" ಎಂದು ಫೈಲ್ ಮುಚ್ಚಿದರು.

ಕಳೆದುಹೋದವರನ್ನು ಹುಡುಕುವುದು, ಏಜೆಂಟರ ಪೂರ್ವಾಪರ ವಿಚಾರಿಸಿ ಬರೆದುಕೊಡುವುದು... ಇದು ನನ್ನ ಕಸುಬು. ಆದರೆ ದಾರಿ ತೋರಿಸಿದವಳು ಅಕ್ಕ.

"ಎಲ್ಲೋ ಕೂರಿಸಿ ಹೊಲಿಸ್ತಿದಾರೆ ಅಂದ್ರೆ ಅಲ್ಲಿಗೆ ಬಟ್ಟೆ ಹೋಗ್ಲೇಬೇಕಲ್ಲ? ಬಟ್ಟೆ ಅಂಗಡಿಗಳನ್ನ ನೋಡೋಣ ನಡಿ."

ಮೂರು ದಿನ. ಹದಿಮೂರು ಅಂಗಡಿ. ಪ್ರತಿಯೊಂದರಲ್ಲೂ ಅಕ್ಕ ಬಟ್ಟೆಯ ಥಾನುಗಳನ್ನು ಬಿಚ್ಚಿಸಿದಳು, ಬೆಳಕಿಗೆ ಹಿಡಿದಳು, ಬಣ್ಣ ಬಿಡುತ್ತದೆಯೇ ಎಂದು ಎಂಜಲು ಹಚ್ಚಿ ಉಜ್ಜಿದಳು. ಪ್ರವಾಸಕ್ಕೆ ಬಂದ ಹೆಂಗಸಿನ ಬಟ್ಟೆ ಹುಚ್ಚು ಎಂದು ಎಲ್ಲರೂ ನಕ್ಕರು. ಅವಳ ಕಣ್ಣು ಮಾತ್ರ ಗೋಡೆಗೆ ನೇತುಹಾಕಿದ ಕೌದಿಗಳ ಮೇಲೆ.

ಹದಿನಾಲ್ಕನೆಯದು ಈ ಅಂಗಡಿ. ಒಳಗೆ ಬಂದು ಐದು ನಿಮಿಷಕ್ಕೆ ಅಕ್ಕ ಒಂದು ನೀಲಿ ಕೌದಿಯ ಅಂಚು ತಿರುವಿದಳು.

"ಹೊಲಿಗೆ ಎಡದಿಂದ ಬಲಕ್ಕೆ ಹೋಗಿದೆ, ಎಡಗೈಯವರ ಹೊಲಿಗೆ," ಎಂದಳು ಪಿಸುದನಿಯಲ್ಲಿ. "ಪ್ರತಿ ಮೂಲೇಲೂ ಒಂದು ಹೊಲಿಗೆ ಜಾಸ್ತಿ. ಬಿಡು ಆ ಚಾಳಿ ಅಂತ ಹತ್ತು ವರ್ಷ ಬೈದಿದೀನಿ... ಇದು ನನ್ನ ಮಗಳ ಕೈ ಕಣೋ."

ಅದಕ್ಕೇ ನಾನು ಗೋಡೌನಿಗೆ ನುಗ್ಗಿದ್ದು. ಹಿಂಬಾಗಿಲ ಆಚೆ ಒಂದು ಬಿಳಿ ವ್ಯಾನು. ಅದಕ್ಕೆ ಥಾನು ತುಂಬುತ್ತಿದ್ದರು. ಡಬ್ಬಗಳ ಮೇಲೆ ಊರ ಹೆಸರಿಲ್ಲ, ಬೀದಿಯ ಹೆಸರಿಲ್ಲ, 'ಮೂರನೇ ಮಹಡಿ' ಎಂದಷ್ಟೇ ಇತ್ತು.

ಅಷ್ಟರಲ್ಲಿ ಬೋಳ ಬಂದ.

ಈಗ ಬ್ಲೇಡು ಚರ್ಮಕ್ಕೆ ತಾಗಿತು. ಕಾಲರಿನೊಳಗೆ ಬಿಸಿಯಾಗಿ ಏನೋ ಇಳಿಯಿತು...

ಗೋಡೌನಿನ ಬಾಗಿಲ ಪರದೆ ಸರಿಯಿತು. ಅಕ್ಕ! ಎದೆಗವಚಿ ಹಿಡಿದ ನಾಲ್ಕು ಥಾನು. ಹಿಂದೆಯೇ ಕೈತುಂಬ ಬಟ್ಟೆ ಹಿಡಿದ ಇನ್ನೂ ಇಬ್ಬರು ಗಿರಾಕಿ ಹೆಂಗಸರು.

"ಕಟಿಂಗ್ ಮಾಡೋರು ನೀವೇ ಅಂತೆ," ಎಂದಳು ಬೋಳನಿಗೆ. "ಇದರಲ್ಲಿ ಐದು ಮೀಟರ್ ಕೊಡಿ. ಇವರೂ ಕಾಯ್ತಿದಾರೆ."

ಬೋಳ ನನ್ನನ್ನು ನೋಡಿದ, ಗಿರಾಕಿಗಳನ್ನು ನೋಡಿದ. ಕಟರ್ ಕೆಳಗಿಳಿಯಿತು. ನನ್ನ ಕಿವಿಯಲ್ಲಿ, "ಅಲ್ಲಾಡ್ಬೇಡ, ನಿನ್ನ ಆಮೇಲೆ ನೋಡ್ಕೋತೀನಿ," ಎಂದು ಮೇಜಿನತ್ತ ಹೋದ. ಅಕ್ಕ ಅವನನ್ನು ಅಲ್ಲಿಂದ ಕದಲಗೊಡಲಿಲ್ಲ. ಐದು ಮೀಟರ್ ಆಯಿತು. ಇದರಲ್ಲಿ ಮೂರು. ಅಯ್ಯೋ, ಅಂಚು ಸೊಟ್ಟಗಿದೆ, ಇನ್ನೊಂದು ಸಲ ಅಳೆಯಿರಿ. ಅದರಲ್ಲಿ ಆರು...

ಅವನು ತಲೆ ಬಗ್ಗಿಸಿ ಅಳೆಯುತ್ತಿದ್ದಾಗ ಅಕ್ಕ ನನ್ನತ್ತ ನೋಡಿ ಗದ್ದ ಆಡಿಸಿದಳು. ಹೋಗು!

ಹೋದೆ.

ಕೌದಿಯ ಎರಡು ಬಟ್ಟೆಗಳ ನಡುವೆ ಹತ್ತಿ ಹಾಸು ಇಡುತ್ತಾರಲ್ಲ, ಅದರ ದೊಡ್ಡ ಸುರುಳಿಗಳು ವ್ಯಾನಿನಲ್ಲಿದ್ದವು. ಅವುಗಳ ಹಿಂದೆ ನುಸುಳಿ ಕುಳಿತೆ. ಬಾಗಿಲು ದಡ್ಡನೆ ಮುಚ್ಚಿತು. ಕತ್ತಲು. ನನ್ನ ಫೋನು ಹಳೇ ಬಟನ್ನಿನದು, ಎಲ್ಲಿದ್ದೇನೆಂದು ತೋರಿಸುವಂಥದ್ದಲ್ಲ. ಅದರಲ್ಲೇ ಅಕ್ಕನಿಗೆ ಮೆಸೇಜ್ ಹಾಕಿದೆ. 'ಹೊರಟೆ. ಜನ ಇರೋ ಕಡೆ ಹೋಗು, ಈಗಲೇ.'

'ಬಿಲ್ ಆಗ್ತಿದೆ' ಎಂದು ಉತ್ತರ ಬಂತು.

ಕುತ್ತಿಗೆಗೆ ಕರ್ಚೀಫ್ ಒತ್ತಿಕೊಂಡು ತಿರುವುಗಳನ್ನು ಎಣಿಸಲು ನೋಡಿದೆ. ಏಳರ ನಂತರ ಲೆಕ್ಕ ತಪ್ಪಿತು.

ವ್ಯಾನು ನಿಂತಾಗ ಡ್ರೈವರ್ ಒಂದು ಸುರುಳಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಕಿವಿಯಲ್ಲಿ ಇಯರ್‌ಫೋನ್, ಬಾಯಲ್ಲಿ ಹಾಡು. ನಾನೂ ಒಂದು ಸುರುಳಿ ಹೊತ್ತೆ, ಮುಖ ಮರೆಮಾಡಿಕೊಂಡು ಹಿಂದೆಯೇ ನಡೆದೆ. ಮೂರನೇ ಮಹಡಿ. ಕಬ್ಬಿಣದ ಗ್ರಿಲ್ ಬಾಗಿಲು. ಬೀಗ ತೆಗೆದವಳು ಕೊರಳಲ್ಲಿ ಟೇಪು ಹಾಕಿಕೊಂಡ ಸೂಪರ್‌ವೈಸರ್ ಹೆಂಗಸು. ಕೂಲಿಯವನ ಮುಖ ಯಾರು ನೋಡುತ್ತಾರೆ? ಒಳಗೆ ಬಿಟ್ಟಳು.

ಉದ್ದನೆಯ ಹಾಲ್. ಬಿಳಿ ಬಣ್ಣ ಬಳಿದ ಕಿಟಕಿಗಳು. ಮರದ ಚೌಕಟ್ಟುಗಳಿಗೆ ಬಿಗಿದ ಕೌದಿಗಳ ಮೇಲೆ ಬಾಗಿದ ಹನ್ನೆರಡು ಹೆಂಗಸರು. ಗೋಡೆ ಪಕ್ಕದಲ್ಲಿ ಸುತ್ತಿಟ್ಟ ಹಾಸಿಗೆಗಳು.

ಕೊನೆಯ ಚೌಕಟ್ಟಿನಲ್ಲಿ ಒಂದು ಎಡಗೈ ತಟ್ಟನೆ ನಿಂತಿತು.

"ಮಾಮ?" ಎಂದಳು ಎಡಚಿ. ಉಸಿರಿನಲ್ಲೇ.

ಕಡ್ಡಿಯಾಗಿದ್ದಳು. ನಾನು ಸುರುಳಿ ಕೆಳಗೆ ಹಾಕಿ ಅವಳ ಕೈ ಹಿಡಿದೆ. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಕಲ್ಲಾಗಿದ್ದವು.

"ನಡಿ. ಅಮ್ಮ ಬಂದಿದಾಳೆ."

"ಇವರನ್ನ ಬಿಟ್ಟು ಬರಲ್ಲ ಮಾಮ."

"ಎಡಚಿ, ಟೈಮಿಲ್ಲ..."

ಅವಳು ಚೌಕಟ್ಟಿನ ಕೆಳಗಿನಿಂದ ಒಂದು ಕಾಗದ ತೆಗೆದಳು. ಮಡಿಸಿ ಮಡಿಸಿ ಹರಿದುಹೋದ ಜೆರಾಕ್ಸ್. 'ಈ ಏಜೆಂಟರನ್ನು ಖುದ್ದಾಗಿ ವಿಚಾರಿಸಿದ್ದೇನೆ. ಕಂಪನಿಯೂ ನಂಬಿಕಸ್ಥ.' ಕೆಳಗೆ ನನ್ನ ಸಹಿ. ನನ್ನ ಸೀಲು.

"ನನಗೆ ಅಂತ ಬರೆದುಕೊಟ್ಟೆಯಲ್ಲ, ಅದನ್ನೇ ಏಜೆಂಟ್ ಎಲ್ಲರಿಗೂ ತೋರಿಸಿದಾನೆ. ಇವರು ಹನ್ನೊಂದು ಜನಾನೂ ನಿನ್ನ ಸಹಿ ನಂಬಿ ಬಂದೋರು."

ಖುದ್ದಾಗಿ ಎಂದರೆ ಒಂದೇ ಒಂದು ಫೋನು. ಆ ಕಡೆ ಎತ್ತಿದವನು ನಯವಾಗಿ ಮಾತಾಡಿದ್ದ. ಅವತ್ತು ನನಗೆ ಬೇರೆ ಕೆಲಸವಿತ್ತು... ಮನೆಯ ಹುಡುಗಿಗೆ ತಾನೇ ಎಂದು ಸಡಿಲ ಬಿಟ್ಟೆ.

ಹನ್ನೊಂದು ಮುಖಗಳು ನನ್ನನ್ನೇ ನೋಡುತ್ತಿದ್ದವು. ಬ್ಲೇಡಿನ ಮುಂದೆ ಅಷ್ಟು ಹೆದರಿರಲಿಲ್ಲ.

ಸೂಪರ್‌ವೈಸರಳ ಫೋನು ಹೊಡೆದುಕೊಂಡಿತು. ಕೇಳಿಸಿಕೊಂಡಳು. ನನ್ನತ್ತ ನೋಡಿದಳು. ಗ್ರಿಲ್ ಆಚೆ ನಿಂತಿದ್ದ ಡ್ರೈವರ್ ಕೈಗೆ ಬೀಗದ ಕೈ ಎಸೆದು, "ಹೊರಗಿಂದ ಹಾಕ್ಕೋ," ಎಂದಳು.

ಖಟ್.

"ಕೂತ್ಕೋ," ಎಂದಳು ನನಗೆ, ಬೇಸರದ ದನಿಯಲ್ಲಿ. "ಇಪ್ಪತ್ತು ನಿಮಿಷದಲ್ಲಿ ಅಂಗಡಿಯಿಂದ ಅವನು ಬರ್ತಾನೆ. ಜೊತೆಗೆ ಇನ್ನೂ ಮೂರು ಜನ."

ಪೊಲೀಸರಿಗೆ ಫೋನ್ ಮಾಡಿದೆ.

"ವಿಳಾಸ ಹೇಳಿ."

"ಗೊತ್ತಿಲ್ಲ. ಮೂರನೇ ಮಹಡಿ. ಹನ್ನೆರಡು ಹೆಂಗಸರನ್ನ ಕೂಡಿಹಾಕಿದಾರೆ."

"ಬೀದಿ ಯಾವುದು ಸಾರ್?"

ಎಡಚಿಯನ್ನು ನೋಡಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಏಳು ತಿಂಗಳು ಇದ್ದ ಜಾಗದ ಬೀದಿ ಯಾವುದೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ!

ಮೊದಲು ಗ್ರಿಲ್‌ಗೆ ಹೆಗಲು ಕೊಟ್ಟೆ. ಅದು ಅಲುಗಲಿಲ್ಲ, ಹೆಗಲು ಅಲುಗಿತು. ಗೋಡೆಯ ಮೇಲಿದ್ದ ಬೆಂಕಿಯ ಅಲಾರಂ ಗಾಜು ಒಡೆದೆ. ಸದ್ದಿಲ್ಲ. ಒಳಗಿನ ವೈರು ಕಿತ್ತಿದ್ದರು. ಕಿಟಕಿ ಒಡೆದರೆ ಹೊರಗೆ ಕಂಬಿ. ಅದರಾಚೆ ದೂರದಲ್ಲಿ ಜನ, ಬಸ್ಸು, ಸಿಗ್ನಲ್ಲು. ಕೂಗಿದೆ. ಮೂರನೇ ಮಹಡಿಯ ಕೂಗು ಆ ಗದ್ದಲದಲ್ಲಿ ಯಾರಿಗೂ ಮುಟ್ಟಲಿಲ್ಲ.

ಹದಿನಾಲ್ಕು ನಿಮಿಷ ಉಳಿದಿತ್ತು.

ಮೂಲೆಯಲ್ಲಿ ಇಸ್ತ್ರಿ ಮೇಜು. ಹೊತ್ತುಕೊಂಡು ಬಂದಿದ್ದ ಹತ್ತಿ ಹಾಸನ್ನು ಒಡೆದ ಕಿಟಕಿಯ ಕೆಳಗೆ ರಾಶಿ ಹಾಕಿದೆ. ಇಸ್ತ್ರಿಯ ಬಿಸಿ ಪೂರ್ತಿ ಏರಿಸಿ ಅದರ ಮೇಲೆ ಬೋರಲು ಇಟ್ಟೆ.

"ಏನು ಮಾಡ್ತಿದೀಯ?" ಎಂದಳು ಸೂಪರ್‌ವೈಸರ್.

"ಪೊಲೀಸರಿಗೆ ವಿಳಾಸ ಬೇಕು. ಫೈರ್ ಎಂಜಿನ್‌ಗೆ ಹೊಗೆ ಕಂಡ್ರೆ ಸಾಕು."

"ಬಾಗಿಲಿಗೆ ಬೀಗ ಇದೆ. ನಾನೂ ಒಳಗೇ ಇದೀನಿ..."

"ಹೌದು. ಹೇಗಿರುತ್ತೆ ಅಂತ ಇವತ್ತು ಗೊತ್ತಾಗುತ್ತೆ."

ಹತ್ತಿ ಮೊದಲು ಕಂದಿತು, ಆಮೇಲೆ ಕಪ್ಪಾಯಿತು. ಹೊಗೆ ಎದ್ದಿತು. ದಟ್ಟ ಬೂದು ಹೊಗೆ. ಅರ್ಧ ಹೊರಗೆ ಹೋಯಿತು, ಅರ್ಧ ನಮ್ಮ ಎದೆಗೆ. ಎಡಚಿ ಕೌದಿಗಳನ್ನು ನೀರಲ್ಲಿ ಅದ್ದಿ ಒಬ್ಬೊಬ್ಬರಿಗೆ ಹೊದಿಸಿ ನೆಲದ ಮೇಲೆ ಮಲಗಿಸಿದಳು. ಸೂಪರ್‌ವೈಸರ್ ಗ್ರಿಲ್ ಹಿಡಿದು ಡ್ರೈವರನನ್ನು ಕೂಗುತ್ತಲೇ ಇದ್ದಳು. ಅವನು ಹೊಗೆ ಕಂಡ ಕೂಡಲೇ ಬೀಗದ ಕೈ ಸಮೇತ ಓಡಿದ್ದ.

ವಯಸ್ಸಾದ ಒಬ್ಬಾಕೆಯ ಕೆಮ್ಮು ನಿಂತುಹೋಯಿತು. ಕೆಮ್ಮು ನಿಲ್ಲುವುದು ಒಳ್ಳೆಯ ಲಕ್ಷಣವಲ್ಲ. ಅವಳನ್ನು ಕಿಟಕಿಯ ಬಳಿ ಎಳೆದು ಕಂಬಿಗೆ ಮುಖ ಒತ್ತಿ ಹಿಡಿದೆ. ತಪ್ಪು ಮಾಡಿದೆನೇನೋ... ಎರಡನೇ ಸಲ ಇವರನ್ನು ನಾನೇ ಕೊಲ್ಲುತ್ತಿದ್ದೇನೇನೋ...

ಆಗ ಸೈರನ್!

ಕಬ್ಬಿಣ ಕೊಯ್ಯುವ ಗರಗಸದ ಕಿಡಿ ಹೊಗೆಯಲ್ಲಿ ಕಂಡಿತು. ಹೆಲ್ಮೆಟ್ ಹಾಕಿದವರು ನುಗ್ಗಿದರು. ಹನ್ನೆರಡು ಜನರನ್ನೂ ಕೆಳಗಿಳಿಸಿ ಬೀದಿಯಲ್ಲಿ ಕೂರಿಸಿದರು. ಪೊಲೀಸ್ ಅಧಿಕಾರಿ ಎಣಿಸಿದ, ಹೆಸರು ಕೇಳಿದ, ಪಾಸ್‌ಪೋರ್ಟ್ ಕೇಳಿದ. ಸೂಪರ್‌ವೈಸರಳ ಕೈಚೀಲದಿಂದ ಹನ್ನೆರಡೂ ಬಂದವು. ಈ ಸಲ ಯಾವ ಪೊಲೀಸನೂ ಫೈಲ್ ಮುಚ್ಚಲಿಲ್ಲ.

ಬೀದಿಯ ತಿರುವಿನಲ್ಲಿ ಬೋಳನ ಕಾರು ಬಂತು. ಎರಡು ಫೈರ್ ಎಂಜಿನ್, ಮೂರು ಪೊಲೀಸ್ ಜೀಪು ನೋಡಿ ಹಾಗೇ ಹಿಂದಕ್ಕೆ ಸರಿಯಿತು. ಬೋಳ ಮೂರನೇ ದಿನ ಸಿಕ್ಕ. ಏಜೆಂಟ್ ಇನ್ನೂ ಸಿಕ್ಕಿಲ್ಲ.

ಆ ವಯಸ್ಸಾದಾಕೆ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿದಳು. ಮೆಟ್ಟಿಲು ಹತ್ತಿದರೆ ಈಗಲೂ ಉಸಿರು ಕಟ್ಟುತ್ತದಂತೆ. ಅದು ನನ್ನ ಲೆಕ್ಕಕ್ಕೆ.

ನನ್ನನ್ನು ಅಲ್ಲೇ ಹಿಡಿದರು. ಜನರಿದ್ದ ಕಟ್ಟಡಕ್ಕೆ ಬೆಂಕಿ ಇಟ್ಟ ಕೇಸು. ಇಲ್ಲ ಎನ್ನಲು ಹೇಗಾಗುತ್ತದೆ? ಇಟ್ಟಿದ್ದೆನಲ್ಲ. ಎಡಚಿ ಸಾಕ್ಷಿ ಎಂದು ಅವಳಿಗೂ ಅಕ್ಕನಿಗೂ ವೀಸಾ ಮುಂದುವರಿಸಿದರು.

ವಾರದ ಮೇಲೆ ಅಕ್ಕ ಜೈಲಿಗೆ ಬಂದಳು. ನಡುವೆ ಗಾಜು, ಎರಡೂ ಕಡೆ ಫೋನು. ಅವಳ ಮುಂದೆ ಮೇಜಿನ ಮೇಲೆ ಆ ಜೆರಾಕ್ಸ್ ಕಾಗದವಿತ್ತು. ಎಡಚಿ ಎಲ್ಲ ಹೇಳಿದ್ದಳು.

ಅಕ್ಕ ಸಹಿ ಇದ್ದ ಕಡೆಯನ್ನು ನನ್ನತ್ತ ತಿರುಗಿಸಿಟ್ಟಳು.

"ಊಟ ಸರಿಯಾಗಿ ಕೊಡ್ತಾರಾ?" ಎಂದಳು.

"ಕೊಡ್ತಾರೆ ಅಕ್ಕ."

"ಎಷ್ಟು ದಿನ ಇಡ್ತಾರಂತೆ?"

"ಆರು ತಿಂಗಳು ಆಗ್ಬಹುದು ಅಂತಾನೆ ವಕೀಲ."

ಅಕ್ಕ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಮೊಣಕಾಲು ಹಿಡಿದುಕೊಂಡು ಎದ್ದಳು.

"ಇರು," ಎಂದಳು. "ಅವಳನ್ನ ಕಳಿಸೋ ಮುಂಚೆ ನಿನ್ನ ಒಳಗೆ ಹಾಕಿದ್ರೆ ಇಷ್ಟೆಲ್ಲ ಆಗ್ತಾನೇ ಇರ್ಲಿಲ್ಲ."