ಪುಟ್ಟ ಕ್ಯಾಮೆರಾ ಕಲಿತ ಮುಖ

"ಏ ಅಕ್ಕಾರ, ಆ ಕಡೆ ಸರೀರಿ! ಫೋಟೋದವರಿಗೆ ಜಾಗ ಬಿಡ್ರಿ!"

ಬೆನ್ನ ಹಿಂದಿನಿಂದ ಬಂದ ದನಿಗೆ ವಾಣಿಶ್ರೀ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕ್ಯಾಮೆರಾ ಇನ್ನೇನು ಅರಿಶಿನ ನೀರಿಗೆ ಬೀಳಬೇಕು...!

ಹಾನಗಲ್ಲಿನ ಆ ಮದುವೆ ಮನೆಯ ಅಂಗಳದಲ್ಲಿ ಸುರಗಿ ನಡೆದಿತ್ತು. ನಾಲ್ಕು ಮೂಲೆಗೆ ಚೊಂಬು ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ಹೆಂಗಸರು ನೀರೆರೆಯುತ್ತಿದ್ದರು. ಆ ನೀರಾಟದೊಳಗೆ ದೊಡ್ಡ ಕ್ಯಾಮೆರಾ ಹಿಡಿದು ಹೋಗುವವರುಂಟೇ? ವಾಣಿ ಅದನ್ನು ವಿಡಿಯೋದ ಮೆಹಬೂಬನ ಕೊರಳಿಗೆ ಹಾಕಿ, ಪರ್ಸಿನಿಂದ ಅಂಗೈಯಗಲದ ಪುಟ್ಟ ಕ್ಯಾಮೆರಾ ತೆಗೆದು ನೂಲಿನ ಹತ್ತಿರವೇ ಕುಕ್ಕರುಗಾಲಲ್ಲಿ ಕೂತಿದ್ದಳು.

ತಿರುಗಿ ನೋಡಿದಳು. ಹೆಗಲ ತುಂಬ ಚೆಂಡುಹೂವಿನ ಮಾಲೆ ಹೊತ್ತ ಯುವಕ. ಮಂಟಪ ಕಟ್ಟಲು ಶಿಗ್ಗಾಂವದಿಂದ ಬಂದಿದ್ದ ಬಸವೇಶ.

"ಫೋಟೋದವರು ನಾನ ರೀ!"

"ನೀವ?" ಅವನ ಕಣ್ಣು ಅವಳ ಅಂಗೈಗೆ ಇಳಿಯಿತು. "ಈ ಆಟಗಿ ಸಾಮಾನಿನಾಗ?"

"ನಿಮಗ ಹೂವು ಕಟ್ಟಾಕ ಬರ್ತೈತಿ, ನನಗ ಫೋಟೋ ತೆಗಿಯಾಕ ಬರ್ತೈತಿ. ಮೊದಲ ನೀವ ಸರೀರಿ, ನಿಮ್ಮ ನೆರಳು ಮದುಮಗಳ ಮ್ಯಾಲೆ ಬೀಳಾಕತ್ತೈತಿ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅವರಲ್ಲೊಬ್ಬಳು ಅವನ ತಲೆಯ ಮೇಲೂ ಒಂದು ಚೊಂಬು ಸುರಿದೇಬಿಟ್ಟಳು. ಅವನು ಸಿಟ್ಟಾಗಲಿಲ್ಲ. ಒದ್ದೆ ಮುಖದಲ್ಲೇ ಬಾಯಿ ತುಂಬ ನಕ್ಕ.

ವಾಣಿಯ ಬೆರಳು ತಾನಾಗಿಯೇ ಗುಂಡಿ ಒತ್ತಿತು.

'ಅಯ್ಯ... ನಾ ಯಾಕ ಈ ಮನಷ್ಯಾನ ಫೋಟೋ ತಗದೆ?'

ಅಕ್ಕಿಆಲೂರಿನಲ್ಲಿ ಅವಳ ಅಪ್ಪ ಉಳವಪ್ಪನವರ ಸ್ಟುಡಿಯೋ. ಅಪ್ಪನ ಕೈಕೆಳಗೆ ಪಳಗಿ, ಈಗ ವರ್ಷಗಳಿಂದ ಮದುವೆಗಳನ್ನೆಲ್ಲ ಒಬ್ಬಳೇ ನಿಭಾಯಿಸುವವಳು ವಾಣಿ. ದೊಡ್ಡ ಕ್ಯಾಮೆರಾ ಕಂಡರೆ ಸಾಕು, ಜನ ಸೆರಗು ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಲ್ಲುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಸಣ್ಣದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ! ಅಡುಗೆಯವರ ಜಗಳ, ಬೀಗರ ಪಿಸುಮಾತು, ಹೋಳಿಗೆ ಕದಿಯುವ ಮಾವಂದಿರು ಎಲ್ಲ ಅದರೊಳಗೆ ಸಿಗುತ್ತಿದ್ದರು.

ಬರಬರುತ್ತ ಬಸವೇಶನೂ ಸಿಗತೊಡಗಿದ. ಯಾವ ಮದುವೆಗೆ ಹೋದರೂ ಅವನು ಏಣಿಯ ಮೇಲಿರುತ್ತಿದ್ದ. ಇಳಿದು ಬಂದು ಚಹಾ ಕೊಟ್ಟು, "ಆಟಗಿ ಸಾಮಾನು ಆರಾಮ ಐತೇನ್ರಿ?" ಎಂದು ಛೇಡಿಸುತ್ತಿದ್ದ.

ಆದರೆ ಹೂವು, ದೀಪದ ಸರಗಳ ನಡುವೆ ಆ ಪುಟ್ಟ ಕ್ಯಾಮೆರಾ ಅವನನ್ನು ಬಿಟ್ಟು ಹೂವನ್ನೇ ಹಿಡಿಯುತ್ತಿತ್ತು. ಅದರಲ್ಲೊಂದು ಸೌಕರ್ಯವಿದೆ. ಒಬ್ಬರ ಮುಖ ಕಲಿಸಿ ಹೆಸರು ಬರೆದಿಟ್ಟರೆ, ಎಷ್ಟೇ ಜನರಿದ್ದರೂ ಅದು ಮೊದಲು ಆ ಮುಖವನ್ನೇ ಹುಡುಕಿ ಸ್ಪಷ್ಟವಾಗಿ ಹಿಡಿಯುತ್ತದೆ. ವಾಣಿ ಒಂದೇ ಒಂದು ಮುಖ ಕಲಿಸಿದಳು. ಕಳ್ಳ ಹುಡುಗಿ! ಮನುಷ್ಯನೆದುರು ಬಾಯಿ ಬಿಡಲು ಧೈರ್ಯವಿಲ್ಲ, ಯಂತ್ರಕ್ಕೆ ಮಾತ್ರ ಎಲ್ಲವನ್ನೂ ಹೇಳಿಕೊಟ್ಟಳು.

'ಮುಂದಿನ ಮದುವಿಯಾಗ ಹೇಳಿಬಿಡ್ತೇನಿ...' ಎಂದುಕೊಳ್ಳುತ್ತಿದ್ದಳು. ಮದುವೆಗಳು ಮುಗಿಯುತ್ತಿದ್ದವು, ಮಾತು ಮಾತ್ರ ಮುಂದಿನ ಮದುವೆಗೆ ಹೋಗುತ್ತಿತ್ತು.

ಒಂದು ದಿನ ಬಸವೇಶನೇ ಸ್ಟುಡಿಯೋಕ್ಕೆ ಬಂದ. ಮುಖದಲ್ಲಿ ಸಂಭ್ರಮ ಉಕ್ಕುತ್ತಿತ್ತು.

"ಸೋಮವಾರ ನಮ್ಮ ಮನಿಯಾಗ ನಿಶ್ಚಯ ಐತ್ರಿ. ಫೋಟೋಕ್ಕ ನೀವ ಬರಬೇಕು. ಬ್ಯಾರೇರು ನಡಿಯಂಗಿಲ್ಲ!"

ಹೊರಗೆ ಹೂವಿನ ಗಾಡಿ ಹಾರ್ನ್ ಹೊಡೆಯಿತು. ಅವನು ಓಡಿದ. ಯಾರ ನಿಶ್ಚಯ ಎಂದು ವಾಣಿ ಕೇಳುವಷ್ಟರಲ್ಲಿ ಗಾಡಿ ಹೊರಟೇಬಿಟ್ಟಿತ್ತು. ಮನೆಯ ಹಿರಿಮಗ, ಇಷ್ಟು ಖುಷಿಯಾಗಿದ್ದಾನೆ... ಮತ್ತ್ಯಾರದ್ದು!

ಆ ದಿನ ಅತ್ತಳು. ಬೇರೆಯವರನ್ನು ಕಳಿಸೋಣವೆಂದುಕೊಂಡಳು. 'ಆದ್ರ ಅವರ ನಗು ನನ್ನಂಗ ಯಾರು ತೆಗೀತಾರ?' ಎಂದು ಮತ್ತೆ ಅತ್ತಳು.

ಸೋಮವಾರ ಮೆಹಬೂಬನ ಜೊತೆ ಶಿಗ್ಗಾಂವದ ಆ ಮನೆಗೆ ಹೋದಾಗ, ಹಸಿರು ಸೀರೆಯುಟ್ಟ ಚೆಲುವೆಯೊಬ್ಬಳು ನಡುಮನೆಯಲ್ಲಿ ಕೂತಿದ್ದಳು. ಹೆಸರು ಅಂಕಿತಾ ಎಂದು ಯಾರೋ ಹೇಳಿದರು. ಅವಳ ಹಿಂದೆ ಬಸವೇಶ ಹೊಸ ಅಂಗಿ ತೊಟ್ಟು ಮಲ್ಲಿಗೆ ಮಾಲೆ ಕಟ್ಟುತ್ತ ನಗುತ್ತಿದ್ದ. ದೊಡ್ಡ ಕ್ಯಾಮೆರಾ ಎತ್ತಿದರೆ ಎಲ್ಲರೂ ತನ್ನತ್ತಲೇ ನೋಡುತ್ತಾರೆಂದು ವಾಣಿ ಅದನ್ನು ಚೀಲದಲ್ಲೇ ಬಿಟ್ಟಳು. ಸಣ್ಣದನ್ನು ತೆಗೆದು, ಕಣ್ಣೀರಿನ ಮಬ್ಬಿನಲ್ಲೇ ಒಂದರ ಹಿಂದೊಂದು ಗುಂಡಿ ಒತ್ತುತ್ತ ಹೋದಳು.

"ಅಕ್ಕಾರ, ನನ್ನ ಫೋಟೋ ತೋರಸ್ರಿ!" ಅಂಕಿತಾ ಕ್ಯಾಮೆರಾ ಕಸಿದುಕೊಂಡಳು. ನೋಡನೋಡುತ್ತ ಹುಬ್ಬು ಗಂಟಿಕ್ಕಿದಳು.

"ಇದೇನ್ರಿ! ಎಲ್ಲಾದರಾಗೂ ನನ್ನ ಮುಖ ಮಸಕು... ಹಿಂದ ನಿಂತ ನಮ್ಮ ಅಣ್ಣ ಮಾತ್ರ ಚೊಕ್ಕ ಬಂದಾನಲ್ಲ!"

"ಅ... ಅಣ್ಣ? ಇವರು ನಿಮ್ಮ ಅಣ್ಣೇನ್ರಿ?"

"ಮತ್ತ? ನನ್ನ ಹುಡುಗ ಇನ್ನೂ ಬರಬೇಕ್ರಿ. ಯಲವಿಗಿ ಸ್ಟೇಶನ್ನಿಗೆ ಇಳದಾರಂತ, ಈಗ ಫೋನ್ ಬಂತು."

ವಾಣಿಗೆ ಕುಣಿಯಬೇಕೆನಿಸಿತು. ಮರುಕ್ಷಣವೇ ನೆನಪಾಯಿತು. ಮುಖ ಹುಡುಕುವ ಆ ಸೌಕರ್ಯ! ಮದುಮಕ್ಕಳ ಫೋಟೋ ತೆಗೆಯುವ ಮೊದಲು ತಪ್ಪದೆ ಅದನ್ನು ಬಂದ್ ಮಾಡುತ್ತಿದ್ದವಳು ಇಂದು ಅಳುವಿನಲ್ಲಿ ಮರೆತಿದ್ದಳು. ಕಸಿದುಕೊಳ್ಳಲು ಕೈ ಚಾಚಿದಳು... ಅಷ್ಟರಲ್ಲಿ ಅಂಕಿತಾ ಅದನ್ನು ಅಣ್ಣನತ್ತ ತಿರುಗಿಸಿಯಾಗಿತ್ತು.

"ಅಣ್ಣಾ! ಈ ಕ್ಯಾಮೆರಾಕ್ಕ ನಿನ್ನ ಹೆಸರು ಹೆಂಗ ಗೊತ್ತು?"

ಪರದೆಯಲ್ಲಿ ಅವನ ಮುಖದ ಸುತ್ತ ಚೌಕಟ್ಟು, ಕೆಳಗೆ ಅವನ ಹೆಸರು. ಅಂಕಿತಾ ಅದನ್ನು ಮೆಹಬೂಬನತ್ತ ಹಿಡಿದಳು, ಹೆಸರು ಬರಲಿಲ್ಲ. ಬಾಗಿಲಲ್ಲಿ ನಿಂತ ಅವ್ವನತ್ತ ಹಿಡಿದಳು, ಬರಲಿಲ್ಲ. ಮತ್ತೆ ಅಣ್ಣನತ್ತ ತಿರುಗಿಸಿದಳು. ಬಂತು!

"ಅದು... ಏನೋ ಸೆಟ್ಟಿಂಗ್ ಕೆಟ್ಟಿರಬೇಕ್ರಿ..." ವಾಣಿ ಮತ್ತೆ ಕೈ ಚಾಚಿದಳು.

ಅಂಕಿತಾ ಇಬ್ಬರನ್ನೂ ನೋಡಿದಳು. ಕಿಸಕ್ಕನೆ ನಕ್ಕು, ಕ್ಯಾಮೆರಾವನ್ನು ಅಣ್ಣನ ಕೈಗಿತ್ತಳು. "ಅವ್ವಾ, ನಡಿ. ಮೆಹಬೂಬಣ್ಣಾರ, ನೀವೂ ಬರ್ರಿ. ಅಂಗಳದಾಗ ಬೆಳಕು ಭಾಳ ಚಲೋ ಐತಿ!"

ಕೋಣೆಯಲ್ಲಿ ಇಬ್ಬರೇ ಉಳಿದರು.

"ವಾಣಿಯವರ... ಖರೇ ಹೇಳ್ರಿ. ಸೆಟ್ಟಿಂಗ್ ಕೆಟ್ಟೈತೇನು?"

ಹೌದೆಂದರೆ ಮಾನ ಉಳಿಯುತ್ತದೆ. ಆದರೆ ಇವನು? ಇವನು ಉಳಿಯುವುದಿಲ್ಲ! ವಾಣಿ ತಲೆಯೆತ್ತಿದಳು.

"ಕೆಟ್ಟಿಲ್ರಿ. ನಾನ ಕಲಿಸೇನಿ. ನಿಮ್ಮದೊಂದ ಮುಖ ಕಲಿಸೇನಿ. ಇವತ್ತ ನಿಮ್ಮ ನಿಶ್ಚಯ ಅಂತ ತಿಳಕೊಂಡು, ಹಾದಿ ತುಂಬ ಅಳಕೋತ ಬಂದೇನಿ... ತಪ್ಪಾಗಿದ್ರ ಹೇಳ್ರಿ, ಈಗ ತೆಗೆದುಬಿಡ್ತೇನಿ."

"ಕೈ ಹಚ್ಚಬ್ಯಾಡ್ರಿ!" ಅವನು ಕ್ಯಾಮೆರಾವನ್ನು ಎದೆಗೆ ಅವಚಿಕೊಂಡ. "ಶಿಗ್ಗಾಂವದಾಗ ಮದುವಿಗೆ ಬರ ಬಿದ್ದೈತೇನ್ರಿ? ನಾ ಯಾಕ ಹಾನಗಲ್ಲ, ಹಿರೇಕೆರೂರ ಅಂತ ಹೂವಿನ ಗಾಡಿ ಕಟಗೊಂಡು ತಿರಗಾಕತ್ತೇನಿ? ಫೋಟೋದವರು ಯಾರ್ರಿ ಅಂತ ಮೊದಲ ಕೇಳ್ತಿದ್ದೆ. ನಿಮ್ಮ ಹೆಸರು ಹೇಳಿದ್ರಷ್ಟ ಕೆಲಸ ಹಿಡೀತಿದ್ದೆ!"

"ಮತ್ತ ಒಂದ ಮಾತು ಹೇಳಬಾರದೇನ್ರಿ!"

"ತಂಗಿ ಮದುವಿ ಗಟ್ಟಿ ಆಗಲಿ, ಆಮ್ಯಾಲೆ ಹೇಳೋಣು ಅಂತ ತಡದಿದ್ದೆ. ಇವತ್ತ ಹೇಳಾಕ ಅಂತನ ನಿಮ್ಮನ್ನ ಕರದೇನಿ."

ವಾಣಿಗೆ ನಗು ಬಂತು. ಅಳುವೂ ಬಂತು. ಬಸವೇಶ ಮೆಲ್ಲನೆ ಕ್ಯಾಮೆರಾ ಎತ್ತಿ ಅವಳತ್ತ ಹಿಡಿದ.

"ಇದಕ್ಕ ಮುಖ ಕಲಿಸೋದು ಹೆಂಗ್ರಿ?"

"ಎದುರಿಗೊಂದು, ಬದಿಗೊಂದು... ನಗುವಾಗೊಂದು ತೆಗೀಬೇಕು."

"ಹಂಗಾದ್ರ ನಗ್ರಿ."

"ನಗಾಕತ್ತೇನಲ್ರಿ!"

"ಅಳಾಕತ್ತೀರಿ."

"ಎರಡೂ ಕೂಡೇ ಬರಾಕತ್ತಾವ, ನಾ ಏನು ಮಾಡ್ಲಿ?"

ಊರವರನ್ನೆಲ್ಲ ನಿಲ್ಲಿಸಿ ನಗಿಸಿದವಳಿಗೆ ಈಗ ತನ್ನ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಅವನು ಹಾಗೆಯೇ ತೆಗೆದ. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಹೆಸರು ಬರೆದು, 'ವಾಣಿಶ್ರೀ' ಎಂಬಲ್ಲಿಗೆ ನಿಲ್ಲಿಸಿದ.

"ಪೂರಾ ಬರೀರಿ, ಅಡ್ಡಹೆಸರು ಸುದ್ದಾ."

"ಮುಂದಿಂದು ಈಗ ಬ್ಯಾಡ್ರಿ. ನಿಮ್ಮ ಅಪ್ಪಾರನ್ನ ಕೇಳಿ ಬರೀತೇನಿ."

ವಾಣಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಅದರೊಳಗಿನಿಂದ ಸಣ್ಣ ದನಿ ಬಂತು.

"ಲಗೂನ ಬರ್ರಿ... ಸಂಜೀಮುಂದ ಅಪ್ಪ ಸ್ಟುಡಿಯೋದಾಗ ಇರ್ತಾರ. ಇವತ್ತ ಬಂದ್ರೂ ನಡೀತೈತಿ!"