ಕೊನೆಯ ಗೂಟದ ಟೋಪಿ

ಯಜಮಾನಮ್ಮ ಹೊತ್ತು ನೋಡಲೆಂದು ಗೋಡೆಯತ್ತ ಕೈ ಚಾಚಿದಾಗ ಅಲ್ಲಿ ಬರಿಯ ಕೊಕ್ಕೆ ಇತ್ತು. ಅವರ ಗಂಡನ ಬೆಳ್ಳಿಯ ಜೇಬುಗಡಿಯಾರ ಇರಲಿಲ್ಲ.

ಆ ಊಟದ ಮನೆಗೆ ಬೇರೆ ಗಡಿಯಾರವೇ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಯಜಮಾನಮ್ಮ ದಿನವೂ ಅದಕ್ಕೆ ಕೀಲಿ ಕೊಟ್ಟು ಬಾಗಿಲ ಪಕ್ಕದ ಕೊಕ್ಕೆಗೆ ತೂಗುಹಾಕುತ್ತಿದ್ದರು. ರಾತ್ರಿ ಅದನ್ನು ಕೈಗೆತ್ತಿಕೊಂಡು "ಹೊತ್ತಾಯ್ತು" ಅಂದರೆ ಮುಗಿಯಿತು, ಉಂಡವರು ಎದ್ದು ತಂತಮ್ಮ ಮನೆಗೋ ಕೋಣೆಗೋ ಹೊರಡಬೇಕು.

ಕೊಕ್ಕೆಯ ಪಕ್ಕದಲ್ಲೇ ಗೂಟಗಳ ಸಾಲು. ಅದರ ಮೇಲೆ ಯಜಮಾನಮ್ಮನ ಗಂಡ ಕೈಯಾರೆ ಬರೆದು ಹಾಕಿದ್ದ ಹಲಗೆ: ‘ಗಂಡಸರು ಟೋಪಿ ತೆಗೆದು ಊಟಕ್ಕೆ ಕೂರಬೇಕು.’ ಬಂದವರ ಟೋಪಿ ಇಸಿದುಕೊಂಡು ಗೂಟಕ್ಕೆ ಹಾಕುವುದು, ಹೊರಡುವಾಗ ದೂಳು ಕೊಡವಿ ಕೈಗೆ ಕೊಡುವುದು ಹುಡುಗಿಯ ಕೆಲಸ. ಎಲ್ಲರೂ ಅವಳನ್ನು ಟೋಪಿ ಹುಡುಗಿ ಎಂದೇ ಕರೆಯುತ್ತಿದ್ದರು. ಬೇಗ ಶಾಲೆ ಬಿಟ್ಟವಳು. ಮಾತಾಡಬೇಕೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು, ಆದರೆ ಕಣ್ಣು ಸುಮ್ಮನಿರುತ್ತಿರಲಿಲ್ಲ.

ಕೊಕ್ಕೆಗೆ ತೀರ ಹತ್ತಿರದ ಕೊನೆಯ ಗೂಟದಲ್ಲಿ ಪಿಟೀಲು ಮೇಷ್ಟ್ರ ಟೋಪಿ ಇತ್ತು. ಮೇಷ್ಟ್ರು ಹೋದ ಚಳಿಗಾಲದಲ್ಲಿ ಊಟಕ್ಕೆ ಕೂತಲ್ಲೇ ಕುಸಿದು, ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಟೋಪಿ ಕೇಳಿಕೊಂಡು ಯಾರೂ ಬರಲಿಲ್ಲ, ಇಳಿಸಲು ಯಾರಿಗೂ ಮನಸ್ಸಾಗಲಿಲ್ಲ. ದಿನಾ ಬೆಳಿಗ್ಗೆ ಹುಡುಗಿಯೊಬ್ಬಳೇ ಅದನ್ನು ಮುಟ್ಟಿ ಒರೆಸಿ, ಮೇಷ್ಟ್ರು ಹಾಕುತ್ತಿದ್ದ ಹಾಗೇ, ಗರಿ ಸಿಕ್ಕಿಸಿದ ಮಗ್ಗುಲು ಹೊರಗೆ ಕಾಣುವಂತೆ ಹಾಕುತ್ತಿದ್ದಳು.

ಆ ರಾತ್ರಿ ಊಟಕ್ಕಿದ್ದವರು ಮೂವರು. ಒಬ್ಬರು ನಿವೃತ್ತ ಪೋಸ್ಟ್‌ಮಾಸ್ತರು. ಪಿಟೀಲು ಮೇಷ್ಟ್ರ ಜೊತೆ ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಉಂಡವರು, ಈಗ ಖಾಲಿ ಕುರ್ಚಿಯೆದುರು ಉಣ್ಣುತ್ತಿದ್ದರು. ನಯವಿನಯ ಅಂದರೆ ಅವರದು. ಒಮ್ಮೆ ಜೋರು ಮಳೆಯಲ್ಲಿ, ಒಂದು ಕೈಯಲ್ಲಿ ಕೊಡೆ, ಕಂಕುಳಲ್ಲಿ ಗಂಟು ಇದ್ದಾಗಲೂ, ಬಾಗಿಲಲ್ಲಿ ಯಜಮಾನಮ್ಮನಿಗೆ ಪೂರ್ತಿ ಟೋಪಿ ಎತ್ತಿ ತಲೆಬಾಗಿಯೇ ಹೋಗಿದ್ದರು. ಗಂಟು ಕೆಸರಿಗೆ ಬಿದ್ದಿತ್ತು. ಇನ್ನೊಬ್ಬರು ಕಾಂಪೌಂಡರ್. ಮಗಳ ಬಾಣಂತನಕ್ಕೆ ಹೆಂಡತಿ ಹೋಗಿದ್ದರಿಂದ ಎರಡು ತಿಂಗಳಿನಿಂದ ಇಲ್ಲಿ ಊಟ. ತಮ್ಮ ಕೈಗಡಿಯಾರ ನೋಡಿಕೊಂಡು, ಗೋಡೆಯದು ಮುಂದೆ ಓಡುತ್ತದೆಂದು ಅವರದು ದಿನದ ತಕರಾರು. ಮೂರನೆಯವನು ಊರೂರು ತಿರುಗಿ ಅಂಗಿಯ ಗುಂಡಿ ಮಾರುವವನು, ಮೊನ್ನೆಯಷ್ಟೇ ಬಂದವನು. ಅವನು ಹಲಗೆ ಓದಿಯೂ ಟೋಪಿ ತೆಗೆಯದೆ ಕೂತು ಉಂಡಿದ್ದ. ಪೋಸ್ಟ್‌ಮಾಸ್ತರು ಎರಡು ಸಲ ಗಂಟಲು ಸರಿಮಾಡಿಕೊಂಡಿದ್ದರು. ಪ್ರಯೋಜನವಾಗಿರಲಿಲ್ಲ.

ಹುಡುಗಿ ತಟ್ಟೆಗಳನ್ನು ಒಳಗೆ ಒಯ್ದಾಗ ಮೂವರೂ ಒಬ್ಬೊಬ್ಬರಾಗಿ ಎದ್ದು ಬಾಗಿಲ ಪಕ್ಕದ ತೊಟ್ಟಿಯಲ್ಲಿ ಕೈ ತೊಳೆದಿದ್ದರು. ಅಷ್ಟರಲ್ಲೇ ಗಡಿಯಾರ ಹೋಗಿತ್ತು.

ಯಜಮಾನಮ್ಮ ಬಾಗಿಲು ಹಾಕಿಸಿ, ಹುಡುಗಿಗೆ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಲ್ಲಿಂದ ಕದಲಬೇಡ ಅಂದರು. ಮೊದಲು ಮೇಜು, ಕುರ್ಚಿ, ಕಿಟಕಿ ನೋಡಿದರು. ಆಮೇಲೆ ಗೂಟದಲ್ಲಿದ್ದ ಪೋಸ್ಟ್‌ಮಾಸ್ತರ ಟೋಪಿ, ಕಾಂಪೌಂಡರರ ಟೋಪಿ ಎರಡನ್ನೂ ತಿರುವಿ ನೋಡಿ ಮತ್ತೆ ಹಾಕಿದರು. ಏನೂ ಇರಲಿಲ್ಲ. ಆಗ ಎಲ್ಲರ ಕಣ್ಣೂ ಗುಂಡಿ ಮಾರುವವನ ತಲೆಯ ಮೇಲೆ ನಿಂತಿತು.

"ತೆಗೀರಿ," ಎಂದರು ಯಜಮಾನಮ್ಮ.

ಅವನು ಸ್ವಲ್ಪ ಹೊತ್ತು ತಟ್ಟೆಯಿದ್ದ ಜಾಗವನ್ನೇ ನೋಡಿದ. ಆಮೇಲೆ ತೆಗೆದ. ತಲೆಯ ಅರ್ಧಭಾಗ ಸುಟ್ಟು ಮಾಯ್ದ ಚರ್ಮ, ಅಲ್ಲಲ್ಲಿ ನಾಲ್ಕೆಳೆ ಕೂದಲು. ಟೋಪಿಯನ್ನು ಅಂಗಾತ ಮಾಡಿ ಒಳಗನ್ನು ತೋರಿಸಿದ, ಖಾಲಿ.

"ಊಟದ ಹೊತ್ತಲ್ಲಿ ಎದುರಿಗಿರೋರಿಗೆ ಇದನ್ನ ತೋರಿಸೋದು ಮರ್ಯಾದೆನೋ, ಟೋಪಿ ಇಟ್ಕೊಂಡು ಕೂರೋದು ಮರ್ಯಾದೆನೋ, ನಂಗಿನ್ನೂ ಗೊತ್ತಾಗಿಲ್ಲಮ್ಮ," ಎಂದ.

ಆಮೇಲೆ ಅವನೇ, ಹೋಗುವವರ ಜೇಬನ್ನೂ ಬಾಗಿಲಲ್ಲಿ ನೋಡಿಬಿಡಿ, ನನ್ನದರಿಂದಲೇ ಶುರುವಾಗಲಿ ಅಂದ. ಟೋಪಿಯನ್ನು ಕೈಯಲ್ಲೇ ಹಿಡಿದು ಜೇಬು ತೋರಿಸಿ ಹೊರಟ. ಹುಡುಗಿ ಕದಲುವ ಹಾಗಿರಲಿಲ್ಲವಾದ್ದರಿಂದ ಉಳಿದಿಬ್ಬರೂ ತಮ್ಮ ಟೋಪಿಗಳನ್ನು ತಾವೇ ತೆಗೆದುಕೊಂಡರು. ಕಾಂಪೌಂಡರ್ ಟೋಪಿಯಿಂದಲೇ ಮುಖಕ್ಕೆ ಗಾಳಿ ಹಾಕಿಕೊಳ್ಳುತ್ತಾ, "ಅಂತೂ ಯಾರೋ ನಮಗೆಲ್ಲ ಚೆನ್ನಾಗಿ ಟೋಪಿ ಹಾಕಿದ್ರು" ಎಂದು ನಗಿಸಲು ನೋಡಿದರು. ಯಾರೂ ನಗಲಿಲ್ಲ. ಕೊನೆಗೆ ಪೋಸ್ಟ್‌ಮಾಸ್ತರು ಜೇಬು ತೋರಿಸಿ, ಎರಡು ಬೆರಳಿನಿಂದ ಟೋಪಿಯ ಅಂಚು ಮುಟ್ಟಿ, ಮೆಟ್ಟಿಲಿಳಿದು ಹೋದರು.

ಬಾಗಿಲು ಹಾಕಿದ ಮೇಲೆ ಯಜಮಾನಮ್ಮ ಹುಡುಗಿಯ ಟ್ರಂಕನ್ನೂ ಬಿಚ್ಚಿ ನೋಡಿದರು. ಸಿಗಲಿಲ್ಲ. ಸಿಗದಿದ್ದರೂ ಕೊಕ್ಕೆಯ ಪಕ್ಕ ದಿನವಿಡೀ ನಿಲ್ಲುವವಳು ಅವಳೇ ತಾನೆ. ನಾಳೆ ರಾತ್ರಿಯ ಊಟ ಮುಗಿಸಿಕೊಟ್ಟು ನಾಡಿದ್ದು ಅಣ್ಣನ ಮನೆಗೆ ಹೊರಡು ಎಂದರು. ಅಣ್ಣನ ಮನೆಯಲ್ಲಿ ಹಾಸಿಗೆ ಬಿಡಿಸುವಷ್ಟು ಜಾಗ ಇಲ್ಲವೆಂದು ಅತ್ತಿಗೆ ಹೇಳಿ ಕಳಿಸಿದ್ದರಿಂದಲೇ ಅವಳು ಇಲ್ಲಿಗೆ ಬಂದದ್ದು. ಅದನ್ನು ಹೇಳಲು ಬಾಯಿ ತೆರೆದಳು, ಆದರೆ ಮಾತು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಗೂಟಗಳನ್ನು ಒರೆಸಿ, ತಿಂಡಿಯ ತಟ್ಟೆ ಹಿಡಿದು ಮಹಡಿ ಹತ್ತಿದಳು. ಮೇಲಿನ ಕೋಣೆಯಲ್ಲಿದ್ದವರು ಹೆಂಗಸರ ಜೈಲಿನಲ್ಲಿ ಮೇಲ್ವಿಚಾರಕಿಯಾಗಿದ್ದು ನಿವೃತ್ತರಾದವರು. ಊರಿನವರಿಗೆ ಜೈಲಮ್ಮ, ಹುಡುಗಿಗೆ ದೊಡ್ಡಮ್ಮ. ಮಂಡಿನೋವೆಂದು ಕೆಳಗಿಳಿಯುತ್ತಿರಲಿಲ್ಲ; ವರ್ಷಗಳಿಂದ ಊಟ, ತಿಂಡಿ ಎಲ್ಲ ಕಿಟಕಿಯೆದುರು ಒಂಟಿಯಾಗಿಯೇ. ಆದರೂ ಪಕ್ಕದ ಬೀದಿಯ ಕಳವು, ಮನೆಜಗಳಗಳೆಲ್ಲ ಮೆಟ್ಟಿಲು ಹತ್ತಿ ಅವರಲ್ಲಿಗೆ ಬರುತ್ತಿದ್ದವು, ಬಗೆಹರಿದು ಇಳಿಯುತ್ತಿದ್ದವು.

ಹುಡುಗಿಯ ಮುಖ ನೋಡಿ ದೊಡ್ಡಮ್ಮ ತಟ್ಟೆ ಸರಿಸಿದರು.

"ಕೂತ್ಕೊ. ಅಳೋದಾದ್ರೆ ಮೊದಲು ಅತ್ತುಬಿಡು. ಆಮೇಲೆ ನೋಡಿದ್ದನ್ನ ಹೇಳು, ಅನ್ಕೊಂಡಿದ್ದನ್ನ ಹೇಳಬೇಡ."

ಅವರೆದುರು ಮಾತ್ರ ಅವಳಿಗೆ ಮಾತು ಬರುತ್ತಿತ್ತು. ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ಕೇಳಿದ ಪ್ರಶ್ನೆಗಳು ವಿಚಿತ್ರವಾಗಿದ್ದವು. ಯಾರು ಯಾವ ಕೈಯಲ್ಲಿ ಟೋಪಿ ಹಿಡಿದಿದ್ದರು? ಬಾಗಿಲಲ್ಲಿ ಯಾರು ಹೇಗೆ ನಮಸ್ಕಾರ ಹೇಳಿದರು? ಯಜಮಾನಮ್ಮ ಎಷ್ಟು ಟೋಪಿ ತಿರುವಿ ನೋಡಿದರು?

"ಎರಡು, ದೊಡ್ಡಮ್ಮ. ಪಿಟೀಲು ಮೇಷ್ಟ್ರದ್ದನ್ನ ಯಾರೂ ಮುಟ್ಟಲಿಲ್ಲ." ಹುಡುಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆದ್ರೆ ಇವತ್ತು ಬೆಳಿಗ್ಗೆ ನೋಡಿದ್ರೆ ಗರಿ ಗೋಡೆ ಕಡೆಗಿತ್ತು."

"ಒಳಗೆ?"

"ಏನೂ ಇರಲಿಲ್ಲ. ಸರಿಯಾಗಿ ತಿರುಗಿಸಿ ಹಾಕಿದೆ."

ದೊಡ್ಡಮ್ಮ ಕಿಟಕಿಯಾಚೆ ನೋಡಿದರು. ಎದುರಿನ ಕಟ್ಟಡದಲ್ಲಿ ಯಾರೋ ಒಬ್ಬರು ಒಂದೇ ಅಂಗಿ ಒಣಗಿಹಾಕುತ್ತಿದ್ದರು. ಆಮೇಲೆ ಮೆಲ್ಲಗೆ, ರಾತ್ರಿ ನನ್ನನ್ನು ಕೈಹಿಡಿದು ಕೆಳಗೆ ಇಳಿಸು, ಆ ಮೂವರಿಗೂ ಊಟಕ್ಕೆ ಬರಲೇಬೇಕೆಂದು ಯಜಮಾನಮ್ಮನಿಂದ ಹೇಳಿಸು ಅಂದರು.

ಮೂವರೂ ಬಂದರು. ಹುಡುಗಿ ಬಾಗಿಲಲ್ಲಿ ನಿಂತು ಕೈ ಚಾಚಿದಳು. ಕಾಂಪೌಂಡರ್ ಟೋಪಿ ಕೊಟ್ಟರು. ಗುಂಡಿ ಮಾರುವವನು ಹಲಗೆಯತ್ತ ನೋಡಿ ತಾನೂ ತೆಗೆಯಲು ಹೋದಾಗ ಯಜಮಾನಮ್ಮ ಬೇಡವೆಂದು ತಲೆಯಾಡಿಸಿದರು. ಪೋಸ್ಟ್‌ಮಾಸ್ತರು ಹುಡುಗಿಯ ಚಾಚಿದ ಕೈಯನ್ನು ಕಾಣದವರಂತೆ ದಾಟಿ, ನೆಟ್ಟಗೆ ತಮ್ಮ ಮೇಜಿಗೆ ಹೋಗಿ, ಟೋಪಿ ಇಟ್ಟುಕೊಂಡೇ ಕೂತರು. ಆ ಮನೆಯಲ್ಲಿ ಹಾಗೆ ಎಂದೂ ಆಗಿರಲಿಲ್ಲ. ಕಾಂಪೌಂಡರರ ಕೈಯಲ್ಲಿದ್ದ ಚಮಚ ಅರ್ಧಕ್ಕೇ ನಿಂತಿತು.

"ನೆಗಡಿ," ಎಂದರು ಪೋಸ್ಟ್‌ಮಾಸ್ತರು, ಯಾರೂ ಕೇಳದಿದ್ದರೂ.

ಆಗಲೇ ದೊಡ್ಡಮ್ಮ ಮೆಟ್ಟಿಲಿಳಿದು ಬಂದರು, ಒಂದು ಕೈ ಹುಡುಗಿಯ ಭುಜದ ಮೇಲೆ, ಒಂದು ಕೈ ಗೋಡೆಯ ಮೇಲೆ. ಕೂರಲಿಲ್ಲ. ಗೂಟಗಳ ಪಕ್ಕ ನಿಂತೇ ಮಾತಾಡಿದರು.

"ಮೂವತ್ತು ವರ್ಷ ಕಳ್ಳಿಯರ ಜೊತೆ ಕಳೆದಿದೀನಿ. ಕದ್ದೋರಿಗೆ ಕದಿಯೋದು ಕಷ್ಟ ಅಲ್ಲ, ಎಂದಿನ ಹಾಗೆ ಇರೋದು ಕಷ್ಟ. ಈ ಹುಡುಗಿ ನಾಳೆ ಬೆಳಿಗ್ಗೆ ಟ್ರಂಕ್ ಹೊತ್ಕೊಂಡು ಹೋಗ್ಬೇಕಂತೆ. ಅದಕ್ಕೇ ಮಂಡಿ ಸವೆಸ್ಕೊಂಡು ಇಳಿದು ಬಂದೆ."

ಪೋಸ್ಟ್‌ಮಾಸ್ತರು ಥಟ್ಟನೆ ತಲೆಯೆತ್ತಿದರು. "ಹುಡುಗಿ ಯಾಕೆ ಹೋಗ್ಬೇಕು?" ಎಂದು ಕೇಳಿದರು.

ದೊಡ್ಡಮ್ಮ ಒಂದೊಂದಾಗಿ ಬಿಡಿಸಿಟ್ಟರು. ಮೇಷ್ಟ್ರ ಟೋಪಿಯನ್ನು ಹುಡುಗಿಯ ಹೊರತು ಯಾರೂ ಮುಟ್ಟುವುದಿಲ್ಲವೆಂಬುದು, ಮೊನ್ನೆ ಬಂದವರೊಬ್ಬರನ್ನು ಬಿಟ್ಟು, ಇಲ್ಲಿ ಎಲ್ಲರಿಗೂ ಗೊತ್ತು. ಕೈ ತೊಳೆಯಲು ಎದ್ದವರು ಕೊಕ್ಕೆಯಿಂದ ಗಡಿಯಾರ ತೆಗೆದರು. ಜೇಬಿಗೆ ಹಾಕಿಕೊಂಡರೆ ಅಪಾಯ. ತಮ್ಮ ಟೋಪಿಯಲ್ಲಿ ಇಟ್ಟರೆ, ದೂಳು ಕೊಡವಿ ಕೊಡುವ ಹುಡುಗಿಗೆ ಕಾಣುತ್ತದೆ. ಪಕ್ಕದಲ್ಲೇ ಇದ್ದದ್ದು ಸತ್ತವರ ಟೋಪಿ. ಅದರೊಳಗಿನ ಚರ್ಮದ ಪಟ್ಟಿಗೆ ಸಿಕ್ಕಿಸಿದರು. ಹುಡುಕಿದವರು ಆ ಟೋಪಿಯನ್ನು ಬಿಟ್ಟರು, ಅಲ್ಲಿಯವರೆಗೆ ಸರಿಹೋಯಿತು.

"ಆದ್ರೆ ಅಲ್ಲೇ ಬಿಡೋ ಹಾಗಿಲ್ಲ. ಬೆಳಿಗ್ಗೆ ಎದ್ದು ಇವಳು ಒರೆಸ್ತಾಳೆ. ಅದೇ ರಾತ್ರಿ ತೆಗೀಬೇಕು. ಟೋಪಿಗಳನ್ನ ಆಗಲೇ ನೋಡಿ ಆಗಿತ್ತು, ಇವಳು ಬಂದು ಕೊಡವಿ ಕೊಡೋ ಹಾಗಿರಲಿಲ್ಲ, ಬಾಗಿಲಲ್ಲಿ ನೋಡ್ತಿದ್ದದ್ದು ಬರೀ ಜೇಬು. ಹಾಗಾಗಿ ಮೇಷ್ಟ್ರ ಟೋಪಿಯಿಂದ ತಮ್ಮ ಟೋಪಿಗೆ ಬದಲಾಯಿಸ್ಕೊಂಡು ತಲೆ ಮೇಲೆ ಇಟ್ಕೊಂಡ್ರು. ಅವಸರದಲ್ಲಿ ಮೇಷ್ಟ್ರದ್ದನ್ನ ಗರಿ ಗೋಡೆ ಕಡೆ ಮಾಡಿ ಹಾಕಿದ್ರು."

"ಅದನ್ನ ಅವಳೊಬ್ಬಳೇ ತಾನೆ ನೋಡಿದ್ದು?" ಎಂದರು ಯಜಮಾನಮ್ಮ.

"ಹೌದು. ಕದ್ದವಳಾಗಿದ್ರೆ ಸರಿಯಾಗಿ ತಿರುಗಿಸಿಟ್ಟು ಸುಮ್ಮನಿರ್ತಿದ್ಲು. ನನ್ನ ಹತ್ರ ಬಂದು ಹೇಳ್ತಿರಲಿಲ್ಲ. ಅವಳ ಮಾತು ಬೇಡ ಅಂದ್ರೂ ಸರಿ, ನೀವೇ ನೋಡಿದ್ದು ಹೇಳ್ತೀನಿ." ಅವರು ಗುಂಡಿ ಮಾರುವವನತ್ತ ಕೈ ತೋರಿಸಿದರು. "ಇವರು ಟೋಪಿಯನ್ನ ಕೈಯಲ್ಲೇ ಹಿಡ್ಕೊಂಡು ಹೋದ್ರು. ಕಾಂಪೌಂಡರ್ ತಮ್ಮದರಲ್ಲಿ ಗಾಳಿ ಹಾಕ್ಕೊಂಡ್ರು. ಎರಡರ ಒಳಗೂ ಎಲ್ಲರಿಗೂ ಕಂಡಿದೆ. ಇನ್ನೊಬ್ಬರು ಮಾತ್ರ ಬಾಗಿಲಲ್ಲಿ ನಿಮಗೆ ಟೋಪಿ ಎತ್ತಲಿಲ್ಲ, ಬರೀ ಅಂಚು ಮುಟ್ಟಿದ್ರು. ಮಳೇಲಿ ಗಂಟು ಬಿದ್ರೂ ಎತ್ತಿದ್ದೋರು."

ಯಜಮಾನಮ್ಮನ ಮುಖ ಸಣ್ಣಗಾಯಿತು. "ಜೇಬು ನೋಡಿದ್ದಕ್ಕೆ ಬೇಜಾರು ಮಾಡ್ಕೊಂಡ್ರು ಅನ್ಕೊಂಡೆ."

"ಎತ್ತಿದ್ರೆ ಗಡಿಯಾರ ನಿಮ್ಮ ಕಾಲ ಹತ್ರ ಬೀಳ್ತಿತ್ತು. ಮಾಸ್ತರೇ, ಇವತ್ತೂ ನೆಗಡಿ ಅಲ್ಲ. ವಾಪಸು ಇಡೋಕೇ ತಂದಿದೀರಿ, ಇವಳು ಕೊಕ್ಕೆ ಪಕ್ಕ ನಿಂತಿದ್ರಿಂದ ಆಗಲಿಲ್ಲ. ಅಲ್ವಾ?"

ಪೋಸ್ಟ್‌ಮಾಸ್ತರು ಎರಡೂ ಕೈಯಿಂದ ಟೋಪಿ ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟರು. ಒಳಗೆ ಕರವಸ್ತ್ರದಲ್ಲಿ ಸುತ್ತಿದ ಗಡಿಯಾರ ಇತ್ತು. ಕೀಲಿಯಿಲ್ಲದೆ ನಿಂತುಹೋಗಿತ್ತು.

"ಮಾರೋಕಲ್ಲ," ಎಂದರು. ಆಮೇಲಿನ ಮಾತು ಖಾಲಿ ಕುರ್ಚಿಗೆ ಹೇಳಿದಂತಿತ್ತು. "ಮೊದಲು ಇಲ್ಲಿಂದ ಎದ್ದರೆ ಅವನ ಕೋಣೆಗೆ ಹೋಗ್ತಿದ್ವಿ. ಪಿಟೀಲಿನ ತಂತಿ ಬಿಗಿ ಮಾಡ್ತಾ ಏನೋ ಹರಟೋನು. ಈಗ ಇಲ್ಲಿಂದ ಎದ್ದರೆ ನಾಳೆ ಇಲ್ಲಿಗೆ ಬರೋವರೆಗೂ ನಾನು ಯಾರ ಜೊತೇನೂ ಮಾತಾಡಲ್ಲ. ಯಜಮಾನಮ್ಮ ಆ ಗಡಿಯಾರ ಎತ್ತಿದಾಗೆಲ್ಲ ಇನ್ನೊಂದು ಲೋಟ ನೀರು ಕೇಳ್ತಿದ್ದೆ. ಅದಿಲ್ಲದಿದ್ರೆ ಇನ್ನೊಂದು ಸ್ವಲ್ಪ ಹೊತ್ತು ಕೂರಬಹುದು ಅನ್ಕೊಂಡೆ. ಅಷ್ಟೇ ಯೋಚನೆ ಮಾಡಿದ್ದು. ಈ ಮಗು ಮೇಲೆ ಬರುತ್ತೆ ಅಂತ ಹೊಳೀಲಿಲ್ಲ. ಇವರ ಟೋಪಿ ತೆಗೆಸಿದಾಗಲೂ ಸುಮ್ಮನೆ ಕೂತಿದ್ದೆ." ಗುಂಡಿ ಮಾರುವವನ ಕಡೆ ನೋಡಲು ಹೋಗಿ ಆಗದೆ ಮುಖ ತಗ್ಗಿಸಿದರು.

ಗುಂಡಿ ಮಾರುವವನು ಎದ್ದು ನೀರಿನ ಹೂಜಿ ತಂದು ಅವರ ಲೋಟ ತುಂಬಿಸಿದ.

ಯಜಮಾನಮ್ಮನಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಗಡಿಯಾರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ಯಜಮಾನ್ರು ತೀರಿಕೊಂಡ ವರ್ಷ ನಾನೂ ಇದನ್ನೇ ಹಿಡ್ಕೊಂಡು ಕೂತಿರ್ತಿದ್ದೆ ಎಂದು ತಮಗೇ ಎಂಬಂತೆ ಹೇಳಿಕೊಂಡರು. ಆಮೇಲೆ ಹುಡುಗಿಯನ್ನು ಕರೆದು ಅವಳ ಅಂಗೈಯಲ್ಲಿಟ್ಟರು.

"ಟ್ರಂಕಿಂದ ಬಟ್ಟೆ ತೆಗೆದಿಡು. ಇನ್ನು ಇದಕ್ಕೆ ಕೀಲಿ ಕೊಡೋದೂ ನಿನ್ನ ಕೆಲಸವೇ."

ಹುಡುಗಿ ಕೀಲಿ ಕೊಟ್ಟಳು. ಗಡಿಯಾರ ಅವಳ ಕೈಯಲ್ಲಿ ಮಿಡಿಯತೊಡಗಿತು. ಗಂಟೆ ಎಷ್ಟೆಂದು ಕೇಳಿದಳು. ಕಾಂಪೌಂಡರ್ ಕೈಗಡಿಯಾರ ನೋಡಲು ತೋಳು ಮಡಿಸಿದರು. ದೊಡ್ಡಮ್ಮ ಅವರ ತೋಳಿನ ಮೇಲೆ ಕೈ ಇಟ್ಟು, "ಅಂದಾಜಿಗೆ ಇಟ್ಕೊಳ್ಳಲಿ ಬಿಡಿ, ಮುಂದೆ ಓಡುತ್ತೆ ಅಂತ ನೀವೇ ತಾನೆ ಗೊಣಗ್ತಿದ್ದೋರು" ಎಂದರು. ಹುಡುಗಿ ಸ್ವಲ್ಪ ಯೋಚಿಸಿ ಮುಳ್ಳನ್ನು ಹಿಂದಕ್ಕೇ ಇಟ್ಟಳು. ಯಜಮಾನಮ್ಮ ನೋಡಿಯೂ ನೋಡದವರಂತೆ ಒಲೆಯ ಕಡೆ ಹೋದರು.

ದೊಡ್ಡಮ್ಮ ನೋಯುವ ಕಾಲನ್ನು ಎಳೆದುಕೊಂಡು ಪಿಟೀಲು ಮೇಷ್ಟ್ರ ಕುರ್ಚಿಗೆ ಬಂದು ಕೂತರು. ಮೇಲೆ ಹೋಗುವುದಿದ್ದರೆ ನಾಳೆ ಹೋದರಾಯಿತು, ಈಗ ನನಗೂ ಇಲ್ಲೇ ಬಡಿಸಿ ಅಂದರು. ಹುಡುಗಿ ಎರಡನೆಯ ಸಲ ಬಡಿಸಲು ಬಂದಾಗ ಪೋಸ್ಟ್‌ಮಾಸ್ತರು ಅವರನ್ನು ಜೈಲಿನಲ್ಲಿ ಊಟ ಹೇಗಿರುತ್ತಿತ್ತೆಂದು ಕೇಳುತ್ತಿದ್ದರು.

ಕೊನೆಗೂ ಹೊತ್ತಾಯಿತು. ಹುಡುಗಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಟೋಪಿಯನ್ನೂ ಕೊಡವಿ ಕೊಟ್ಟಳು. ಪೋಸ್ಟ್‌ಮಾಸ್ತರು ತಮ್ಮದನ್ನು ಇಸಿದುಕೊಂಡು ತಲೆಗಿಟ್ಟುಕೊಂಡರು. ಯಜಮಾನಮ್ಮನ ಮುಂದೆ ಎಂದಿನಂತೆ ಎತ್ತಿದರು. ಮೆಟ್ಟಿಲಿಳಿಯಲು ಹೊರಟವರು ನಿಂತು ಹಿಂದಿರುಗಿದರು. ಇಷ್ಟು ವರ್ಷ ಅವಳ ಕೈಯಿಂದ ಟೋಪಿ ತೆಗೆದುಕೊಂಡವರಲ್ಲಿ ಯಾರೂ ಅವಳಿಗೆ ಟೋಪಿ ಎತ್ತಿರಲಿಲ್ಲ. ಅವರು ಹುಡುಗಿಯ ಎದುರು ನಿಂತು, ಪೂರ್ತಿ ಎತ್ತಿ, ತಲೆಬಾಗಿ, ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು. ಅದರಡಿಯಲ್ಲಿ ನಾಲ್ಕು ಬಿಳಿ ಕೂದಲಿನ ಹೊರತು ಏನೂ ಇರಲಿಲ್ಲ.