ಬಿಸಿನೀರಿಗೆ ಇಳಿಯದ ಸೊಸೆ

“ಇಳಿ ಭವ್ಯಾ! ಮೂರೇ ಮೂರು ಮುಳುಗು. ನೀರೆಂತ ನಿನ್ನನ್ನು ತಿಂದುಬಿಡ್ತದಾ?”

ಸುರಿಯುವ ಮಳೆಯಲ್ಲಿ, ಹಬೆಯಾಡುವ ಕೊಳದ ಕಲ್ಲಂಚಿನಲ್ಲಿ ನಿಂತು ಜಲಜಾಕ್ಷಮ್ಮ ಕೂಗಿದರು. ಸೊಸೆ ಭವ್ಯಶ್ರೀ ಕೊಡೆಯ ಕೆಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಿಂದೆ ಹಿಂದೆ ಸರಿಯುತ್ತಿದ್ದಳು. ಆ ಹೊಟ್ಟೆಯೊಳಗೊಂದು ಜೀವವಿತ್ತು. ಇಂಥ ಸುಡುನೀರು ಅದಕ್ಕೆ ಆಗದೆಂದು ಡಾಕ್ಟರು ಎಚ್ಚರಿಸಿದ್ದರು. ಆ ಡಾಕ್ಟರನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟು ಅದು.

ಗಂಡನಿಗೂ ಹೇಳಲಿಲ್ಲವೇಕೆ ಎಂದು ನೀವು ಕೇಳಬಹುದು. ಮಧ್ವರಾಜ ಒಳ್ಳೆಯವನೇ, ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಅವನ ಬಾಯಿಂದ ಅಮ್ಮನ ಕಿವಿಗೆ ನೇರ ದಾರಿ. ಹಿಂದೆ ಎರಡು ಸಲ ಅವಳು ಬಸುರಾದಾಗಲೂ ಸಂತೋಷ ತಡೆಯಲಾರದೆ ಉಡುಪಿಗೆ ಫೋನು ಹಚ್ಚಿದ್ದ. ಜಲಜಾಕ್ಷಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಎರಡು ಸಲವೂ ಗರ್ಭ ನಿಲ್ಲಲಿಲ್ಲ... ಆಮೇಲೆ ಬಂದ ಮಾತುಗಳೋ! “ಮನೆಗೆ ತಂದದ್ದು ಹೆಣ್ಣನ್ನೋ ಬರಡು ಮರವನ್ನೋ” ಎಂದು ವಿಡಿಯೊ ಕಾಲಿನಲ್ಲೇ ಕೇಳಿದ್ದರು. ಮೂರು ತಿಂಗಳು ತುಂಬುವ ತನಕ ಈ ಸಲ ತುಟಿ ಬಿಚ್ಚಬಾರದೆಂದು ಭವ್ಯಶ್ರೀ ಹಲ್ಲು ಕಚ್ಚಿ ಕೂತಿದ್ದಳು.

ಅಷ್ಟರಲ್ಲಿ ಅತ್ತೆಯೇ ಉಡುಪಿಯಿಂದ ಮಲೇಶಿಯಾಕ್ಕೆ, ಇವರ ಪುಚೊಂಗಿನ ಮನೆಗೆ ಬಂದಿಳಿದರು. ಸೊಸೆಯನ್ನು ಬಿಸಿನೀರಿನ ಬುಗ್ಗೆಯಲ್ಲಿ ಮುಳುಗಿಸುತ್ತೇನೆ, ಗರ್ಭ ನಿಲ್ಲಲಿ ಎಂದು ಹರಕೆ ಹೊತ್ತೇ ಬಂದಿದ್ದರು! ಹೊರಗೆ ಬೇಯಿಸಿದ್ದನ್ನು ಮುಟ್ಟದ ಮಡಿಯವರು. ಅದಕ್ಕೇ ಮಗ ಒಲೆ, ಹಾಸಿಗೆ ಎಲ್ಲ ಇರುವ ಕ್ಯಾಂಪರ್ ವ್ಯಾನು ಬಾಡಿಗೆಗೆ ಹಿಡಿದು ಪೆರಾಕ್ ರಾಜ್ಯದ ಬುಗ್ಗೆಗಳ ಕಡೆ ಹೊರಟ. ಮೊದಲ ಕೊಳದಲ್ಲಿ ತಲೆನೋವು ಎಂದು ತಪ್ಪಿಸಿಕೊಂಡಳು ಭವ್ಯಶ್ರೀ. ಈ ಎರಡನೆಯ ಕೊಳದಲ್ಲಿ ಮುಟ್ಟಾಗಿದ್ದೇನೆ ಎನ್ನೋಣವೆಂದರೆ, ಒಳಗಿನ ಜೀವ ಕೇಳಿಸಿಕೊಳ್ಳುತ್ತದೇನೋ ಎಂಬಂತೆ ನಾಲಿಗೆಯೇ ಏಳಲಿಲ್ಲ.

ಪಕ್ಕದ ಕುಂಡದಲ್ಲಿ ಮಲಯ್ ಹೆಂಗಸೊಬ್ಬಳು ಬುಟ್ಟಿ ಇಳಿಬಿಟ್ಟು ಮೊಟ್ಟೆ ಬೇಯಿಸುತ್ತಿದ್ದಳು. ಭವ್ಯಶ್ರೀಗೆ ಜೀವ ಬಂದಂತಾಯಿತು.

“ನೋಡಿ ಅತ್ತೆ, ಮೊಟ್ಟೆ! ನಿಮ್ಮ ಮಡಿಗೆ ಇದು ಆಗುತ್ತಾ?”

“ಹರಕೆಗೆ ಮೈಲಿಗೆ ಇಲ್ಲ ಮಾರಾಯ್ತಿ. ಅದು ಬೇರೆ ಕುಂಡ, ಇದು ಬೇರೆ. ನಾನೆಂತ ಕುರುಡಿಯಾ?”

“ಭವ್ಯಾ, ಪ್ಲೀಸ್,” ಎಂದ ಮಧ್ವರಾಜ. “ಜಸ್ಟ್ ಟೂ ಮಿನಿಟ್ಸ್. ಅಮ್ಮನ ಸಮಾಧಾನಕ್ಕೆ.”

“ಇಳಿಯೋದಿಲ್ಲ ರೀ! ಕೊಂದರೂ ಇಳಿಯೋದಿಲ್ಲ!”

“ಹಾಗಾದರೆ ನನ್ನ ಮಗನಿಗೆ ನಾನು ಬೇರೆ ಹೆಣ್ಣು ನೋಡ್ತೇನೆ,” ಎಂದರು ಜಲಜಾಕ್ಷಮ್ಮ. ಮಗ ನೆಲ ನೋಡಿದ. ಬೇಡಮ್ಮಾ ಎಂಬ ಒಂದು ಮಾತು... ಒಂದೇ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ!

ಭವ್ಯಶ್ರೀಯ ಎದೆ ಒಡೆಯಿತು. “ಬಸುರಿ ನಾನು! ಸಾಕಾ? ಇನ್ನು ಬೀದಿಗೆಲ್ಲ ಹೇಳಿಕೊಂಡು ಬನ್ನಿ!”

ಜಲಜಾಕ್ಷಮ್ಮ ಕಲ್ಲಂಚು ಬಿಟ್ಟು ಬಂದು ವ್ಯಾನು ಹತ್ತಿದರು. ವ್ಯಾನು ಮನೆಯ ಕಡೆ ತಿರುಗಿತು. ತಾಳೆ ತೋಟಗಳ ನಡುವೆ ಹರಿದಾಡುವ ಆ ರಸ್ತೆಯಲ್ಲಿ ಅರ್ಧ ದಾರಿ ಬರುವಷ್ಟರಲ್ಲಿ ಹೊಳೆ ಉಕ್ಕಿ ಸೇತುವೆಯೇ ಕಾಣದಾಗಿತ್ತು. ಅಲ್ಲಿಯೇ ಭವ್ಯಶ್ರೀಗೆ ಸೊಂಟದಿಂದ ನೋವು ಹರಿಯಿತು. ಆ ನೋವು ಅವಳಿಗೆ ಹೊಸದಲ್ಲ...

“ರೀ... ಶುರುವಾಯ್ತು ರೀ!”

ಮಧ್ವರಾಜ ಮೊಣಕಾಲುದ್ದ ನೀರಿಗಿಳಿದು ತೋಟದ ಎಸ್ಟೇಟಿನವರ ದೊಡ್ಡ ಜೀಪು ತರಲು ಓಡಿದ. ವ್ಯಾನಿನೊಳಗೆ ಅತ್ತೆ, ಸೊಸೆ ಇಬ್ಬರೇ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ಜಲಜಾಕ್ಷಮ್ಮ ತಮ್ಮ ಮಡಿ ಸೀರೆಯನ್ನು ಹರಿದು ಮಡಚಿ ಸೊಸೆಯ ಕೆಳಗಿಟ್ಟರು. ತೊಯ್ದಿತು. ಮತ್ತೆ ಹರಿದರು.

“ಹರಕೆ ಮುರಿದೆನಲ್ಲ ಅತ್ತೆ, ಅದಕ್ಕೇ...”

“ಸುಮ್ಮನಿರು. ಹೊತ್ತವಳು ನಾನು. ದೇವರ ಹತ್ತಿರ ಬೈಸಿಕೊಳ್ಳುವುದೂ ನಾನೇ.”

ಜೀಪು ಬಂತು. ಆದರೆ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ತಮಿಳು ನರ್ಸಮ್ಮ “ಅಳಾದೇಮ್ಮಾ” ಎಂದು ತಲೆ ಸವರಿದಳು. ಹಾಸಿಗೆಯ ಪಕ್ಕ ಕುಸಿದ ಮಧ್ವರಾಜ, “ನನಗೂ ಹೇಳಲಿಲ್ಲವಲ್ಲ ಭವ್ಯಾ...” ಎಂದು ಬಿಕ್ಕಿದ. ಅವಳು ಮುಖ ತಿರುಗಿಸಿದಳು. ಅವನು ಎದ್ದು ಹೊರಗೆ ಹೋದ. ತಡೆಯಬೇಕೆಂದು ಅವಳಿಗೆ ಅನ್ನಿಸಲಿಲ್ಲ.

ಉಳಿದವರು ಅತ್ತೆ. ಬರಬೇಕಾದ ಮಾತಿಗಾಗಿ ಭವ್ಯಶ್ರೀ ಕಾದಳು, ಕಾದಳು... ಕೊನೆಗೆ ತಾನೇ ಕೇಳಿಬಿಟ್ಟಳು.

“ಇಳಿದಿದ್ದರೆ ಉಳಿತಿತ್ತು ಅಂತ ಹೇಳಿಬಿಡಿ ಅತ್ತೆ! ಯಾಕೆ ಸುಮ್ಮನಿದ್ದೀರಿ?”

ಜಲಜಾಕ್ಷಮ್ಮ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು. “ಬಾಯಿಗೆ ಬಂತು ಮಗಾ. ಸುಳ್ಳು ಹೇಳುವುದಿಲ್ಲ. ವ್ಯಾನಿನಲ್ಲೇ ಬಂತು, ಈಗಲೂ ಬಂತು. ನುಂಗಿದೆ. ಇಳಿದಿದ್ದರೆ ಜೀವಮಾನ ಪೂರ್ತಿ ನೀನು ನನ್ನನ್ನು ಕೇಳುತ್ತಿದ್ದೆಯಲ್ಲ, ಇಳಿಸಿದ್ದು ಯಾಕೆ ಅಂತ...”

ಭವ್ಯಶ್ರೀ ಅಳಲಾರಂಭಿಸಿದಳು. ಸದ್ದಿಲ್ಲದೆ.

ಮುದುಕಿ ಹಾಸಿಗೆಯ ಕೊನೆಗೆ ಕೂತು, ಹೊದಿಕೆ ಸರಿಸಿ ಸೊಸೆಯ ಎರಡೂ ಪಾದಗಳನ್ನು ತೊಡೆಯ ಮೇಲೆ ಎತ್ತಿಕೊಂಡರು. ಬೆರಳ ಸಂದಿಯಲ್ಲಿ ಇನ್ನೂ ಕೆಸರಿತ್ತು.

“ಬೇಡ ಅತ್ತೆ... ನೀವು ದೊಡ್ಡವರು, ನನ್ನ ಕಾಲು...”

“ಮಂಜುಗಡ್ಡೆ ಆಗಿದೆ ಇದು,” ಎಂದು ಗದರಿ, ಜಲಜಾಕ್ಷಮ್ಮ ಸೆರಗಿನಿಂದ ಕೆಸರು ಒರೆಸಿ, ಎರಡೂ ಅಂಗೈಗಳಿಂದ ಉಜ್ಜತೊಡಗಿದರು. ಬಿಸಿಯಾಗಲು ತುಂಬ ಹೊತ್ತು ಹಿಡಿಯಿತು. ಭವ್ಯಶ್ರೀ ಕಾಲು ಎಳೆದುಕೊಳ್ಳಲಿಲ್ಲ.